ವಿಡಿಯೊ ಕೆಳಗಿನ ಮಾತುಕತೆ ತಪ್ಪಿ ಹೋಗದ ಹಾಗೆ ಓದುವುದು ಹೇಗೆ: ಕಾಮೆಂಟ್ ಫೀಡ್‌ಗಳ ಸಮಗ್ರ ಮಾರ್ಗದರ್ಶಿ

ಅಡಿಕೆ ಎಲೆಚುಕ್ಕಿ ರೋಗದ ಮೇಲೆ ಯಾರೋ ಒಂದು ವಿಡಿಯೊ ಮಾಡುತ್ತಾರೆ ಅಂದುಕೊಳ್ಳಿ. ವಿಡಿಯೊ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ. ಕೆಳಗಿನ ಮಾತು ಮುಗಿಯುವುದೇ ಇಲ್ಲ. ತೀರ್ಥಹಳ್ಳಿ ಕಡೆಯವರೊಬ್ಬರು ಯಾವ ಔಷಧಿ ಎಷ್ಟು ಸಲ ಹೊಡೆದೆವು ಅಂತ ಬರೆಯುತ್ತಾರೆ, ಇನ್ನೊಬ್ಬರು ಅದು ನಮ್ಮ ತೋಟದಲ್ಲಿ ನಡೆಯಲಿಲ್ಲ ಅನ್ನುತ್ತಾರೆ, ಮತ್ತೊಬ್ಬರು ದೋಟಿಯವರ (ಉದ್ದನೆಯ ಕೋಲು ಹಿಡಿದು ತೋಟದ ಕೆಲಸ ಮಾಡುವವರ) ಕೂಲಿ ಕೇಳುತ್ತಾರೆ. ಅದೇ ವಿಡಿಯೊವನ್ನು ಇನ್ಯಾರೋ ತಮ್ಮ ಬ್ಲಾಗಿನಲ್ಲಿ ಹಾಕಿಕೊಂಡಿರುತ್ತಾರೆ, ಅಲ್ಲಿ ಬೇರೆ ಚರ್ಚೆ. ರೆಡಿಟ್‌ನಲ್ಲಿ ಮತ್ತೊಂದು. ವಿಷಯ ಒಂದೇ, ಮಾತು ಮಾತ್ರ ಐದಾರು ಕಡೆ ಚದುರಿದೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ವಿಡಿಯೊಗಿಂತ ಕಾಮೆಂಟಿನಲ್ಲೇ ಜಾಸ್ತಿ ಸರಕಿರುತ್ತದೆ.

ಇದನ್ನು ಗಮನದಲ್ಲಿಟ್ಟುಕೊಳ್ಳಲು ಜನ ಟ್ಯಾಬ್ ತೆರೆದಿಡುತ್ತಾರೆ. ಸ್ವಲ್ಪ ದಿನ ಕಳೆದರೆ ಯಾವ ಟ್ಯಾಬ್ ಯಾಕೆ ತೆರೆದೆವು ಅಂತಲೇ ನೆನಪಿರುವುದಿಲ್ಲ. ಇಲ್ಲದಿದ್ದರೆ ಬೆಲ್ ಐಕಾನ್ ಒತ್ತುತ್ತಾರೆ. ಆ ಬೆಲ್ ಹೊಸ ವಿಡಿಯೊ ಬಂದರೆ ಹೇಳುತ್ತದೆ, ನಿಮ್ಮ ಕಾಮೆಂಟಿಗೆ ಉತ್ತರ ಬಂದರೂ ತಿಳಿಯುತ್ತದೆ. ಆದರೆ ನಿಮ್ಮ ಕಾಮೆಂಟಿನ ಪಕ್ಕದಲ್ಲೇ ಬೇರೆ ಇಬ್ಬರು ಅದೇ ರೋಗಕ್ಕೆ ಮದ್ದು ಮಾತಾಡಿಕೊಂಡರೆ ನಿಮಗೆ ಸುದ್ದಿಯೇ ಇಲ್ಲ. ಪುಟ ತೆರೆದು ನೋಡಿದರೂ 'ಟಾಪ್' ಕಾಮೆಂಟುಗಳು ಮೊದಲು ಬಂದು ಕೂರುತ್ತವೆ, ನಿನ್ನೆ ರಾತ್ರಿ ಬಂದ ಒಳ್ಳೆಯ ಉತ್ತರ ಎಲ್ಲೋ ಕೆಳಗೆ ಹೂತು ಹೋಗಿರುತ್ತದೆ.

ಈ ಕೆಲಸಕ್ಕೆ ವೆಬ್ ಫೀಡ್‌ನಷ್ಟು ಸರಿಯಾದದ್ದು ಇನ್ನೊಂದಿಲ್ಲ. ಸೈಟಿನಲ್ಲಿ ಹೊಸದಾಗಿ ಬಂದದ್ದರ ಪಟ್ಟಿ ಅದು, ಬಂದದ್ದನ್ನು ಬಂದ ಕ್ರಮದಲ್ಲೇ ಕೊಡುತ್ತದೆ. ಲೈಕ್ ಎಷ್ಟು ಅಂತ ನೋಡಿ ಮೇಲೆ ಕೆಳಗೆ ಮಾಡುವುದಿಲ್ಲ. ಒಮ್ಮೆ ನಿಮ್ಮ ರೀಡರಿಗೆ, ಅಂದರೆ ಫೀಡ್ ತಂದು ಓದಿಸುವ ಆ್ಯಪಿಗೆ, ಇಳಿದ ಕಾಮೆಂಟು ಅಲ್ಲೇ ಉಳಿಯುತ್ತದೆ, ನಾಳೆ ಮೂಲದ ವಿಡಿಯೊ ಅಳಿಸಿ ಹೋದರೂ. ಆದರೆ ಇದರಲ್ಲಿ ಒಂದೆರಡು ಹೊಂಡಗಳಿವೆ, ಅವನ್ನು ತಿಳಿಯದೆ ಕೂತರೆ ಅರ್ಧ ಕಾಮೆಂಟು ಕೈತಪ್ಪುತ್ತದೆ.

ಮೊದಲೇ ಒಂದು ಮಾತು: ಇಲ್ಲಿ ವಿಳಾಸದ ತುಂಡುಗಳನ್ನು ಕನ್ನಡದಲ್ಲಿ ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಹಾಕಿ. ಚುಕ್ಕಿ, ಸ್ಲ್ಯಾಷ್, ಪ್ರಶ್ನಾರ್ಥಕ ಚಿಹ್ನೆ ಎಲ್ಲ ಇದ್ದ ಹಾಗೇ ಇರಲಿ.

ಫೀಡ್ ಒಳಗೆ ಒಂದು ಸಲ ಇಣುಕಿ

ಫೀಡ್ ಅಂದರೆ ಒಂದು ಎಕ್ಸ್‌ಎಂಎಲ್ ಫೈಲ್, ಅಷ್ಟೇ. ಸೈಟಿನಲ್ಲಿ ಹೊಸದಾಗಿ ಏನು ಬಂತು ಅನ್ನುವುದರ ಪಟ್ಟಿ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಡ್ಯಾನ್ ಲಿಬ್ಬಿ ಮತ್ತು ರಾಮನಾಥನ್ ಗುಹಾ ಇದರ ಮೊದಲ ರೂಪ ಮಾಡಿದರು. ಗುಹಾ ಮದ್ರಾಸ್ ಐಐಟಿಯಲ್ಲಿ ಓದಿದವರು. ಇವತ್ತು ಹೆಚ್ಚಾಗಿ ಸಿಗುವುದು 2002ರ ಆರ್‌ಎಸ್‌ಎಸ್ 2.0 ಮತ್ತು 2005ರ ಆಟಮ್. ಯಾವುದಿದ್ದರೂ ರೀಡರಿಗೆ ನಡೆಯುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಯೂಟ್ಯೂಬ್ ಬೆಳೆಯುವ ಮೊದಲು ವ್ಲಾಗ್ ಮಾಡುವವರು ತಮ್ಮದೇ ಬ್ಲಾಗಿನಲ್ಲಿ ವಿಡಿಯೊ ಹಾಕಿ, ಫೀಡ್ ಮೂಲಕವೇ ಜನರಿಗೆ ಮುಟ್ಟಿಸುತ್ತಿದ್ದರು. ಒಂದೊಂದು ಪೋಸ್ಟಿನ ಕಾಮೆಂಟಿಗೂ ಒಂದೊಂದು ಫೀಡ್ ಇರುತ್ತಿತ್ತು. 2006ರಲ್ಲಿ ಕೊಕಾಮೆಂಟ್ ಅನ್ನುವ ಸೇವೆ ಬಂತು: ನೀವು ಎಲ್ಲೆಲ್ಲಿ ಕಾಮೆಂಟು ಮಾಡಿದ್ದೀರೋ ಅಲ್ಲಿನ ಉತ್ತರಗಳನ್ನೆಲ್ಲ ಒಂದೇ ಕಡೆ ತಂದು ಕೊಡುತ್ತಿತ್ತು. ಅದು ನಿಂತುಹೋಗಿ ಕಾಲವಾಯಿತು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿತು, 2018ರ ಕೊನೆಗೆ ಫೈರ್‌ಫಾಕ್ಸ್ ಕೂಡ ಫೀಡ್ ತೋರಿಸುವುದನ್ನು ಬಿಟ್ಟಿತು. ಕಿತ್ತಳೆ ಬಣ್ಣದ ಐಕಾನ್ ಕಣ್ಣಿಗೆ ಬೀಳದ ಕಾರಣ ಫೀಡೇ ಸತ್ತುಹೋಯಿತು ಅಂತ ಜನ ತಿಳಿದರು. ಸತ್ತಿಲ್ಲ. ಹೆಚ್ಚಿನ ಬ್ಲಾಗುಗಳು ಈಗಲೂ ಸುಮ್ನೆ ಫೀಡ್ ಕೊಡುತ್ತಲೇ ಇವೆ, ಸೈಟಿನ ಮಾಲೀಕರಿಗೇ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ.

ಒಂದು ಕಾಮೆಂಟ್ ಫೀಡನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಒಂದೊಂದು ಕಾಮೆಂಟಿಗೂ ಒಂದೊಂದು 'ಐಟಂ' ಇರುತ್ತದೆ. ಅದರೊಳಗೆ ಬರೆದವರ ಹೆಸರು, ಸಮಯ, ಕಾಮೆಂಟಿನ ಪೂರ್ತಿ ಪಠ್ಯ, ಆ ಕಾಮೆಂಟಿಗೇ ನೇರ ಹೋಗುವ ಲಿಂಕು ಇರುತ್ತವೆ. ಇವುಗಳ ಜೊತೆ 'ಜಿಯುಐಡಿ' ಅಂತ ಒಂದು ಗುರುತು. ರೀಡರ್ "ಇದನ್ನು ಆಗಲೇ ನೋಡಿದ್ದೇನಾ?" ಅಂತ ಪರೀಕ್ಷೆ ಮಾಡುವುದು ಈ ಗುರುತಿನಿಂದ. ಇದನ್ನು ನೆನಪಿಡಿ, ಯೂಟ್ಯೂಬ್ ಕೆಲಸದಲ್ಲಿ ಇದೇ ಗುರುತನ್ನು ಇಟ್ಟುಕೊಂಡು ಒಂದು ಚಮತ್ಕಾರ ಮಾಡುವುದಿದೆ.

ರೀಡರ್ ಆರಿಸಿಕೊಳ್ಳುವುದು

ಆಂಡ್ರಾಯ್ಡ್ ಮೊಬೈಲಿನಲ್ಲೇ ಎಲ್ಲ ನಡೆಯಬೇಕು ಅಂದರೆ 'ಫೀಡರ್' ಅನ್ನುವ ಆ್ಯಪ್ ಸಾಕು. ಉಚಿತ, ಅಕೌಂಟ್ ಬೇಡ. ಐಫೋನ್, ಮ್ಯಾಕ್ ಇದ್ದವರಿಗೆ ನೆಟ್‌ನ್ಯೂಸ್‌ವೈರ್. ಕಂಪ್ಯೂಟರಿನಲ್ಲಿ ಮೇಲ್ ಓದಲು ಥಂಡರ್‌ಬರ್ಡ್ ಇಟ್ಟುಕೊಂಡಿದ್ದರೆ ಅದರಲ್ಲೇ ಫೀಡ್ ಅಕೌಂಟ್ ಮಾಡಬಹುದು. ಕಾಮೆಂಟುಗಳು ಮೇಲ್ ಬಂದ ಹಾಗೇ ಬರುತ್ತವೆ, ಮೇಲ್‌ಗೆ ಹಾಕುವ ಫಿಲ್ಟರನ್ನೇ ಅವಕ್ಕೂ ಹಾಕಬಹುದು.

ಆದರೆ ಕಾಮೆಂಟ್ ಹಿಂಬಾಲಿಸುವ ಕೆಲಸಕ್ಕೆ ನನ್ನ ಓಟು ಸದಾ ಎಚ್ಚರವಿರುವ ರೀಡರಿಗೆ. ಅಂದರೆ ಇನೊರೀಡರ್, ಫೀಡ್ಲಿ, ನ್ಯೂಸ್‌ಬ್ಲರ್ ಥರ ಬೇರೆಯವರ ಸರ್ವರಿನಲ್ಲಿ ಓಡುವುದು, ಇಲ್ಲವೇ ಮನೆಯಲ್ಲಿ ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪಿಗೋ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೋ ಫ್ರೆಶ್‌ಆರ್‌ಎಸ್‌ಎಸ್ ಅಥವಾ ಮಿನಿಫ್ಲಕ್ಸ್ ಹಾಕಿ ನೀವೇ ಓಡಿಸುವುದು. ಯಾಕೆ ಅಂತ ಹೇಳುತ್ತೇನೆ, ಇದೇ ಮೊದಲನೇ ಹೊಂಡ.

ಫೀಡ್‌ನಲ್ಲಿ ಎಲ್ಲ ಕಾಮೆಂಟೂ ಇರುವುದಿಲ್ಲ. ಕೊನೆಗೆ ಬಂದ ಕೆಲವು ಮಾತ್ರ. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ತಾನಾಗೇ ಇರುವ ಮಿತಿ 10. ಬ್ಲಾಗರ್‌ನಲ್ಲಿ 25. ವರ್ಡ್‌ಪ್ರೆಸ್‌ನಲ್ಲಿ ಹನ್ನೊಂದನೇ ಕಾಮೆಂಟು ಬಂದ ಕೂಡಲೇ ಮೊದಲನೆಯದು ಫೀಡ್‌ನಿಂದ ಉದುರುತ್ತದೆ. ಹಾಗೆ ಉದುರುವ ಮೊದಲೇ ನಿಮ್ಮ ರೀಡರ್ ಬಂದು ಎತ್ತಿಕೊಂಡು ಹೋಗಿರಬೇಕು. ಥಂಡರ್‌ಬರ್ಡ್ ತಾನಾಗಿ 100 ನಿಮಿಷಕ್ಕೊಮ್ಮೆ ನೋಡುತ್ತದೆ, ಅದೂ ತೆರೆದಿದ್ದಾಗ ಮಾತ್ರ. ವಿಡಿಯೊ ಬಂದ ಮೊದಲ ದಿನ ಸಂಜೆ ಏಳರಿಂದ ಹತ್ತರ ತನಕ ಕಾಮೆಂಟು ಸುರಿಯುತ್ತಿರುವಾಗ 100 ನಿಮಿಷದಲ್ಲಿ ಹತ್ತಕ್ಕಿಂತ ಜಾಸ್ತಿ ಬಂದೇ ಬರುತ್ತವೆ. ರಾತ್ರಿ ಕಂಪ್ಯೂಟರ್ ಮುಚ್ಚಿ ಮಲಗಿದರಂತೂ ಕೇಳುವುದೇ ಬೇಡ. ಹಾಗಾಗಿ ಥಂಡರ್‌ಬರ್ಡ್ ಬಳಸುವುದಾದರೆ ಕಾಮೆಂಟ್ ಫೀಡ್‌ಗಳಿಗೆ ಮಾತ್ರ ಅವಧಿಯನ್ನು 30 ನಿಮಿಷಕ್ಕೆ ಇಳಿಸಿ. ಸರ್ವರಿನಲ್ಲಿ ಓಡುವ ರೀಡರ್ ಆದರೆ ನೀವು ಮಲಗಿದ್ದಾಗಲೂ ಅದು ನೋಡುತ್ತಿರುತ್ತದೆ. ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ತೊಡಕಿದೆ: ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಹಿಂದಿನಿಂದ ನಿಲ್ಲಿಸಿಬಿಡುತ್ತದೆ. ಸೆಟ್ಟಿಂಗ್‌ಗೆ ಹೋಗಿ ಆ ಆ್ಯಪಿಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆಯಿರಿ.

ಹಾಗಂತ ನಿಮಿಷಕ್ಕೊಮ್ಮೆ ನೋಡುವ ಹಾಗೆ ಇಡಬೇಡಿ. ಸಣ್ಣ ಬ್ಲಾಗಿನ ಸರ್ವರಿಗೆ ಸುಮ್ನೆ ಹೊರೆ. ದೊಡ್ಡ ಸೈಟಾದರೆ ನಿಮ್ಮನ್ನೇ ಹೊರಗೆ ನಿಲ್ಲಿಸುತ್ತದೆ.

ವರ್ಡ್‌ಪ್ರೆಸ್ ಮತ್ತು ಬ್ಲಾಗರ್: ಸುಲಭದ ಭಾಗ

ವಿಡಿಯೊ ಹಾಕುವ ಬ್ಲಾಗ್ ವರ್ಡ್‌ಪ್ರೆಸ್ ಆಗಿದ್ದರೆ ಕೆಲಸ ಅರ್ಧ ನಿಮಿಷದ್ದು. ಆ ಪೋಸ್ಟಿನ ವಿಳಾಸ ಕಾಪಿ ಮಾಡಿ, ಕೊನೆಗೆ /ಫೀಡ್/ ಸೇರಿಸಿ. ಅದು ಆ ಒಂದು ಪೋಸ್ಟಿನ ಕಾಮೆಂಟ್ ಫೀಡ್. ಇಡೀ ಸೈಟಿನ ಎಲ್ಲ ಕಾಮೆಂಟು ಬೇಕಾದರೆ ಮುಖಪುಟದ ವಿಳಾಸಕ್ಕೆ /ಕಾಮೆಂಟ್ಸ್/ಫೀಡ್/ ಸೇರಿಸಿ.

ಇಲ್ಲಿ ಜನ ಎಡವುವುದು ವಿಳಾಸದ ಬಾಲದಲ್ಲಿ. ವಾಟ್ಸಾಪಿನಲ್ಲೋ ಫೇಸ್‌ಬುಕ್ಕಿನಲ್ಲೋ ಬಂದ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದ್ದು, ಅದರ ಮುಂದೆ ಉದ್ದಕ್ಕೆ ಏನೇನೋ ಇರುತ್ತದೆ. ಆ ಚಿಹ್ನೆಯಿಂದ ಮುಂದಿನದ್ದೆಲ್ಲ ಕತ್ತರಿಸಿ ಆಮೇಲೆ /ಫೀಡ್/ ಹಾಕಿ. ಕನ್ನಡ ಶೀರ್ಷಿಕೆಯ ಪೋಸ್ಟಾದರೆ ಕಾಪಿ ಮಾಡಿದಾಗ ವಿಳಾಸ ಪೂರ್ತಿ ಪರ್ಸೆಂಟ್ ಚಿಹ್ನೆ, ಅಂಕಿ, ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದು ಕೆಟ್ಟಿಲ್ಲ, ಕನ್ನಡ ಅಕ್ಷರಗಳು ವೆಬ್ ವಿಳಾಸದಲ್ಲಿ ಓಡಾಡುವ ವೇಷವೇ ಅದು. ಹಾಗೇ ಅಂಟಿಸಿ.

ವರ್ಡ್‌ಪ್ರೆಸ್‌ನ ಮಾಮೂಲಿ ಪೋಸ್ಟ್ ಫೀಡ್‌ನಲ್ಲಿ ಇನ್ನೊಂದು ಉಪಕಾರ ಅಡಗಿದೆ. ಅದನ್ನು ಬ್ರೌಸರಿನಲ್ಲಿ ತೆರೆದರೆ ಪ್ರತಿ ಪೋಸ್ಟಿನ ಜೊತೆಗೂ ಅದರ ಕಾಮೆಂಟ್ ಫೀಡ್ ಎಲ್ಲಿದೆ ಅನ್ನುವ ವಿಳಾಸ ಇರುತ್ತದೆ, ಈ ತನಕ ಎಷ್ಟು ಕಾಮೆಂಟು ಬಂದಿವೆ ಅನ್ನುವ ಅಂಕಿಯೂ ಇರುತ್ತದೆ. ಹತ್ತು ಪೋಸ್ಟುಗಳಲ್ಲಿ ಎಲ್ಲಿ ಮಾತು ಬಿಸಿಯೇರಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಅಲ್ವಾ? ಅದಕ್ಕೆ ಮಾತ್ರ ಚಂದಾ ಹಾಕಿ, ಉಳಿದದ್ದು ಬಿಡಿ.

ಬ್ಲಾಗರ್, ಅಂದರೆ ಬ್ಲಾಗ್‌ಸ್ಪಾಟ್ ವಿಳಾಸದ ಬ್ಲಾಗುಗಳು. ಕನ್ನಡದ ಹಳೇ ಬ್ಲಾಗುಗಳು ಬಹಳಷ್ಟು ಇಲ್ಲೇ ಇವೆ. ಇಡೀ ಬ್ಲಾಗಿನ ಕಾಮೆಂಟಿಗೆ ಮುಖಪುಟದ ವಿಳಾಸದ ಮುಂದೆ /ಫೀಡ್ಸ್/ಕಾಮೆಂಟ್ಸ್/ಡಿಫಾಲ್ಟ್ ಹಾಕಿ. ಒಂದೇ ಪೋಸ್ಟಿನದು ಬೇಕಾದರೆ ನಡುವೆ ಆ ಪೋಸ್ಟಿನ ಉದ್ದನೆಯ ನಂಬರ್ ಬರಬೇಕು. ಅದನ್ನು ಹುಡುಕುವ ಸುಲಭ ದಾರಿ: ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಕಂಟ್ರೋಲ್ ಜೊತೆ ಯು ಒತ್ತಿ, ಪುಟದ ಮೂಲ ಕೋಡ್ ಬರುತ್ತದೆ. ಅಲ್ಲಿ 'ಕಾಮೆಂಟ್ಸ್/ಡಿಫಾಲ್ಟ್' ಅಂತ ಹುಡುಕಿದರೆ ಪೂರ್ತಿ ವಿಳಾಸ ತಯಾರಾಗಿ ಕೂತಿರುತ್ತದೆ. ಮೊಬೈಲಿನಿಂದ ಕಾಪಿ ಮಾಡಿದ ವಿಳಾಸದ ಕೊನೆಗೆ ?ಎಂ=1 ಅಂತ ಅಂಟಿಕೊಂಡಿದ್ದರೆ ಅದನ್ನು ಮೊದಲು ತೆಗೆದುಬಿಡಿ.

ಫೀಡ್ ಸರಿಯಾಗಿ ತೆರೆದುಕೊಳ್ಳುತ್ತದೆ, ಆದರೆ ಒಂದೂ ಕಾಮೆಂಟಿಲ್ಲ, ಪುಟದಲ್ಲಿ ಮಾತ್ರ ಐವತ್ತು ಕಾಣುತ್ತವೆ. ಹೀಗಾದರೆ ಆ ಸೈಟಿನವರು ಕಾಮೆಂಟಿಗೆ ಹೊರಗಿನ ಪ್ಲಗಿನ್ ಹಾಕಿಕೊಂಡಿದ್ದಾರೆ ಅಂತ ಅರ್ಥ. ಕಾಮೆಂಟುಗಳು ಆ ಬ್ಲಾಗಿನಲ್ಲಿ ಇಲ್ಲವೇ ಇಲ್ಲ, ಬೇರೆ ಕಂಪನಿಯ ಸರ್ವರಿನಲ್ಲಿವೆ. ಅಂಥ ಕಡೆ ಈ ಫೀಡ್‌ನ ಆಸೆ ಬಿಡಿ.

ಯೂಟ್ಯೂಬ್: ಕಿರಿಕಿರಿ ಇರುವುದು ಇಲ್ಲೇ

ಯೂಟ್ಯೂಬ್ ಈಗಲೂ ಪ್ರತಿ ಚಾನೆಲ್ಲಿಗೆ ಒಂದು ಫೀಡ್ ಕೊಡುತ್ತದೆ. ಹೆಚ್ಚಿನ ರೀಡರುಗಳಲ್ಲಿ ಚಾನೆಲ್ ವಿಳಾಸ ಅಂಟಿಸಿದರೆ ತಾವೇ ಹುಡುಕಿಕೊಳ್ಳುತ್ತವೆ. ಆಗದಿದ್ದರೆ ಚಾನೆಲ್ಲಿನ ವಿವರದಲ್ಲಿ 'ಶೇರ್ ಚಾನೆಲ್' ಒತ್ತಿ, ಚಾನೆಲ್ ಐಡಿ ಕಾಪಿ ಮಾಡಿ. ಯು, ಸಿ ಎಂಬ ಎರಡು ದೊಡ್ಡಕ್ಷರಗಳಿಂದ ಶುರುವಾಗುವ 24 ಅಕ್ಷರದ ಗುರುತು ಅದು. ಅದನ್ನು ಯೂಟ್ಯೂಬ್.ಕಾಮ್/ಫೀಡ್ಸ್/ವಿಡಿಯೋಸ್.ಎಕ್ಸ್‌ಎಂಎಲ್?ಚಾನೆಲ್_ಐಡಿ= ಅನ್ನುವುದರ ಮುಂದೆ ಅಂಟಿಸಿ. ಕೊನೆಯ 15 ವಿಡಿಯೊ ಸಿಗುತ್ತವೆ.

ಆದರೆ ಇದರಲ್ಲಿ ಕಾಮೆಂಟಿಲ್ಲ. ಮೊದಲು ಇತ್ತು. ಹಳೇ ಎಪಿಐನಲ್ಲಿ (ಒಂದು ಪ್ರೋಗ್ರಾಂ ಸೈಟಿನಿಂದ ಮಾಹಿತಿ ಕೇಳಿ ಪಡೆಯುವ ದಾರಿ) ಪ್ರತಿ ವಿಡಿಯೊಗೂ ಕಾಮೆಂಟ್ ಫೀಡ್ ಇರುತ್ತಿತ್ತು, 2015ರಲ್ಲಿ ಅದನ್ನು ಮುಚ್ಚಿದರು. ಹೊಸದಾದ ಮೂರನೇ ಆವೃತ್ತಿ ಕಾಮೆಂಟ್ ಕೊಡುತ್ತದೆ, ಫೀಡ್ ರೂಪದಲ್ಲಿ ಕೊಡುವುದಿಲ್ಲ. ಹಾಗಾಗಿ ಮಧ್ಯೆ ಒಂದು ಸಣ್ಣ ಸ್ಕ್ರಿಪ್ಟ್ ನಿಲ್ಲಿಸಬೇಕು: ಎಪಿಐಯಿಂದ ಕಾಮೆಂಟು ತಂದು ಆರ್‌ಎಸ್‌ಎಸ್ ಮಾಡಿ ಕೊಡುವುದು. ಇದಕ್ಕೆ ದುಡ್ಡು ಬೇಡ, ಸರ್ವರ್ ಬೇಡ. ಗೂಗಲ್‌ನವರ ಸರ್ವರಿನಲ್ಲೇ ಕೋಡ್ ಓಡಿಸಿಕೊಡುವ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ ಸಾಕು. ಕೋಡ್ ಬರೆದು ಅಭ್ಯಾಸ ಇಲ್ಲದವರು ಗೊತ್ತಿರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ಒಂದು ಸಂಜೆಯ ಕೆಲಸ.

ಕ್ರಮ ಹೀಗೆ. ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಹೊಸ ಪ್ರಾಜೆಕ್ಟ್ ತೆರೆಯಿರಿ. ಎಡಗಡೆ 'ಸರ್ವಿಸಸ್' ಪಕ್ಕದ ಪ್ಲಸ್ ಒತ್ತಿ ಯೂಟ್ಯೂಬ್ ಡೇಟಾ ಎಪಿಐ ಸೇರಿಸಿ. ಹೀಗೆ ಸೇರಿಸಿದರೆ ಬೇರೆ ಎಪಿಐ ಕೀ ಮಾಡಿಸುವ ರಗಳೆಯೂ ತಪ್ಪುತ್ತದೆ. ಆಮೇಲೆ 'ಡುಗೆಟ್' ಅನ್ನುವ ಒಂದು ಫಂಕ್ಷನ್ ಬರೆಯಬೇಕು, ಯಾರಾದರೂ ಆ ಸ್ಕ್ರಿಪ್ಟಿನ ವಿಳಾಸ ತೆರೆದಾಗ ಓಡುವುದು ಅದೇ. ಅದರಲ್ಲಿ ಮಾಡಬೇಕಾದದ್ದು ಮೂರು ಕೆಲಸ. ವಿಳಾಸದ ಕೊನೆಯಲ್ಲಿ ಬಂದ ವಿಡಿಯೊ ಐಡಿ ಓದುವುದು, 'ಕಾಮೆಂಟ್‌ಥ್ರೆಡ್ಸ್' ಪಟ್ಟಿಯನ್ನು ಸಮಯದ ಕ್ರಮದಲ್ಲಿ 100ರ ತನಕ ಕೇಳಿ ತರುವುದು, ಒಂದೊಂದನ್ನೂ ಆರ್‌ಎಸ್‌ಎಸ್ ಐಟಂ ಮಾಡಿ ಹೊರಗೆ ಬಿಡುವುದು. ಆರ್‌ಎಸ್‌ಎಸ್ ಅಂತ ಹೆಸರು ಹಚ್ಚಿ ಕಳಿಸಲು 'ಕಂಟೆಂಟ್ ಸರ್ವಿಸ್'ನಲ್ಲಿ ವ್ಯವಸ್ಥೆ ಇದ್ದೇ ಇದೆ. ವಿಡಿಯೊ ಐಡಿಯನ್ನು ಹೀಗೆ ವಿಳಾಸದಿಂದ ಓದಿದರೆ ಒಂದೇ ಸ್ಕ್ರಿಪ್ಟಿನಿಂದ ಎಷ್ಟು ವಿಡಿಯೊಗೆ ಬೇಕಾದರೂ ಫೀಡ್ ಪಡೆಯಬಹುದು, ಐಡಿ ಬದಲಿಸಿದರೆ ಆಯಿತು.

ಎಕ್ಸ್‌ಎಂಎಲ್ಲನ್ನು ಕೈಯಾರೆ ಅಕ್ಷರ ಜೋಡಿಸಿ ಮಾಡಬೇಡಿ. ಯಾರಾದರೂ ಕಾಮೆಂಟಿನಲ್ಲಿ & ಅಥವಾ < ಹಾಕಿದರೆ ಇಡೀ ಫೀಡ್ ಮುರಿದು ಬೀಳುತ್ತದೆ. 'ಎಕ್ಸ್‌ಎಂಎಲ್ ಸರ್ವಿಸ್' ಅಂತ ಅಲ್ಲೇ ಇದೆ, ಅದಕ್ಕೆ ಬಿಡಿ.

ಈಗ ಎರಡನೇ ಹೊಂಡ. ಇದು ದೊಡ್ಡದು. ಸಮಯದ ಕ್ರಮ ಅಂದರೆ ಮೂಲ ಕಾಮೆಂಟು ಬಂದ ಸಮಯ. ಮೂರು ವಾರದ ಹಿಂದಿನ ಕಾಮೆಂಟಿಗೆ ಇವತ್ತು ಯಾರೋ ಉತ್ತರ ಬರೆದರೆ ಅದು ಪಟ್ಟಿಯ ಮೇಲೆ ಬರುವುದಿಲ್ಲ, ಹಳೇ ಜಾಗದಲ್ಲೇ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ನಿಮ್ಮ ರೀಡರ್ ಆ ಜಿಯುಐಡಿಯನ್ನು ಆಗಲೇ ನೋಡಿರುವುದರಿಂದ ಸುಮ್ಮನಿರುತ್ತದೆ. ನಮಗೆ ಬೇಕಾಗಿದ್ದೇ ಮಾತುಕತೆ, ಅದೇ ತಪ್ಪಿಹೋಯಿತು ಅಂದರೆ ಏನು ಉಪಯೋಗ?

ಮದ್ದು ಸರಳ. ಎಪಿಐ ಪ್ರತಿ ಕಾಮೆಂಟಿನ ಜೊತೆ ಒಟ್ಟು ಉತ್ತರಗಳ ಸಂಖ್ಯೆಯನ್ನೂ ಕೊಡುತ್ತದೆ. ಜಿಯುಐಡಿ ಮಾಡುವಾಗ ಕಾಮೆಂಟಿನ ಐಡಿಗೆ ಆ ಸಂಖ್ಯೆಯನ್ನೂ ಅಂಟಿಸಿ. ಉತ್ತರ ಮೂರಿದ್ದದ್ದು ನಾಲ್ಕಾದ ಕೂಡಲೇ ಜಿಯುಐಡಿ ಬದಲಾಗುತ್ತದೆ, ರೀಡರ್ ಇದು ಹೊಸದು ಅಂದುಕೊಂಡು ಮತ್ತೆ ಮೇಲೆ ತಂದಿಡುತ್ತದೆ. ಐಟಂ ಒಳಗೆ ಮೂಲ ಕಾಮೆಂಟು, ಅದರ ಕೆಳಗೆ ಉತ್ತರಗಳು. ಎಪಿಐ ಒಂದು ಥ್ರೆಡ್ಡಿನ (ಮೂಲ ಕಾಮೆಂಟು ಮತ್ತು ಅದರ ಉತ್ತರಗಳ ಸಾಲು) ಜೊತೆ ಕೆಲವೇ ಉತ್ತರಗಳನ್ನು ಕಳಿಸುತ್ತದೆ. ಒಟ್ಟು ಸಂಖ್ಯೆ ಅದಕ್ಕಿಂತ ಜಾಸ್ತಿ ಇದ್ದರೆ 'ಕಾಮೆಂಟ್ಸ್' ಪಟ್ಟಿಗೆ ಮೂಲ ಕಾಮೆಂಟಿನ ಐಡಿ ಕೊಟ್ಟು ಉಳಿದದ್ದನ್ನು ತರಿಸಿಕೊಳ್ಳಿ. ಐಟಂ ಲಿಂಕಿಗೆ ವಿಡಿಯೊ ವಿಳಾಸದ ಕೊನೆಗೆ &ಎಲ್‌ಸಿ= ಹಾಕಿ ಕಾಮೆಂಟ್ ಐಡಿ ಸೇರಿಸಿದರೆ, ಒತ್ತಿದ ಕೂಡಲೇ ಯೂಟ್ಯೂಬ್ ಆ ಕಾಮೆಂಟನ್ನೇ ಮೇಲೆ ಎತ್ತಿ ತೋರಿಸುತ್ತದೆ. ಇದೊಂದು ಸಣ್ಣ ಸೌಕರ್ಯ, ಆದರೆ ಉತ್ತರ ಬರೆಯಬೇಕು ಅನ್ನಿಸಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಬರೆದಾದ ಮೇಲೆ 'ಡಿಪ್ಲಾಯ್' ಒತ್ತಿ, ವೆಬ್ ಆ್ಯಪ್ ಆರಿಸಿ, ನಿಮ್ಮ ಹೆಸರಿನಲ್ಲಿ ಓಡಲಿ, ಯಾರು ಬೇಕಾದರೂ ತೆರೆಯಲಿ ಅನ್ನುವ ಆಯ್ಕೆಗಳನ್ನು ಕೊಡಿ. ರೀಡರಿಗೆ ನಿಮ್ಮ ಲಾಗಿನ್ ಇರುವುದಿಲ್ಲ, ಅದಕ್ಕೇ 'ಯಾರು ಬೇಕಾದರೂ'. ಗೂಗಲ್ ಈ ಆ್ಯಪನ್ನು ಪರಿಶೀಲಿಸಿಲ್ಲ ಅಂತ ಒಂದು ಎಚ್ಚರಿಕೆ ಬರುತ್ತದೆ. ನೀವೇ ಬರೆದ ಸ್ಕ್ರಿಪ್ಟ್ ತಾನೆ, 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗಿ. ಬೇರೆಯವರ ಸ್ಕ್ರಿಪ್ಟಿಗೆ ಮಾತ್ರ ಹಾಗೆ ಮುಂದೆ ಹೋಗಬೇಡಿ. ಆಮೇಲೆ ಕೋಡ್ ತಿದ್ದಿದಾಗ ಸೇವ್ ಮಾಡಿದರೆ ಸಾಲದು. ಡಿಪ್ಲಾಯ್‌ಮೆಂಟ್ ನಿರ್ವಹಿಸುವ ಕಡೆ ಹೋಗಿ 'ನ್ಯೂ ವರ್ಷನ್' ಕೊಡಬೇಕು, ಇಲ್ಲದಿದ್ದರೆ ಹಳೇ ಕೋಡೇ ಓಡುತ್ತಿರುತ್ತದೆ.

ಲೆಕ್ಕ ಹೇಗೆ? ಗೂಗಲ್ ದಿನಕ್ಕೆ 10,000 ಯೂನಿಟ್ ಉಚಿತವಾಗಿ ಕೊಡುತ್ತದೆ, ಕಾಮೆಂಟ್ ಪಟ್ಟಿ ಒಂದು ಸಲ ಕೇಳಿದರೆ 1 ಯೂನಿಟ್. ಇಪ್ಪತ್ತು ವಿಡಿಯೊವನ್ನು ಅರ್ಧ ಗಂಟೆಗೊಮ್ಮೆ ನೋಡಿದರೆ ದಿನಕ್ಕೆ 960. ಧಾರಾಳ ಆಯಿತು. ಆದರೆ ಎಪಿಐ ಮೂಲಕ ಹುಡುಕಾಟ ಮಾಡಿದರೆ ಒಂದು ಸಲಕ್ಕೇ 100 ಯೂನಿಟ್ ಹಾರುತ್ತದೆ, ಅದಕ್ಕೆ ಕೈ ಹಾಕಬೇಡಿ. ಮಿತಿ ಮುಗಿದರೆ ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಗೆ ಮತ್ತೆ ತುಂಬುತ್ತದೆ, ಅಂದರೆ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅಲ್ಲಿ ಚಳಿಗಾಲವಿದ್ದಾಗ ಒಂದೂವರೆ. ರೀಡರ್ ಪದೇ ಪದೇ ಬಡಿಯದ ಹಾಗೆ ಸ್ಕ್ರಿಪ್ಟಿನಲ್ಲೇ ಅರ್ಧ ಗಂಟೆಯ ಕ್ಯಾಶ್ ಇಡಿ, ಅಂದರೆ ಒಮ್ಮೆ ತಂದದ್ದನ್ನೇ ಅಷ್ಟು ಹೊತ್ತು ಇಟ್ಟುಕೊಂಡು ಕೊಡಲಿ. ಫೀಡ್ ವಿಳಾಸವನ್ನು ಊರಿಗೆಲ್ಲ ಹಂಚಬೇಡಿ, ಅವರು ಖರ್ಚು ಮಾಡುವುದೂ ನಿಮ್ಮ ಯೂನಿಟ್ಟೇ.

ಇಷ್ಟಾದರೂ ಸಿಗದವು ಇವೆ. ಮಕ್ಕಳಿಗಾಗಿ ಅಂತ ಗುರುತು ಹಾಕಿದ ವಿಡಿಯೊಗಳಲ್ಲಿ 2020ರಿಂದ ಕಾಮೆಂಟೇ ಇಲ್ಲ. ಲೈವ್ ನಡೆಯುವಾಗ ಪಕ್ಕದಲ್ಲಿ ಓಡುವ ಚಾಟ್ ಈ ಪಟ್ಟಿಗೆ ಬರುವುದಿಲ್ಲ. ಚಾನೆಲ್ಲಿನವರು ತಡೆಹಿಡಿದ ಕಾಮೆಂಟು ಅವರು ಬಿಟ್ಟ ಮೇಲೆಯೇ ಕಾಣುತ್ತದೆ.

ಬೇರೆ ಕಡೆ ನಡೆಯುವ ಮಾತು

ಒಂದೇ ವಿಡಿಯೊ ಬಗ್ಗೆ ಎಲ್ಲೆಲ್ಲಿ ಮಾತಾಗುತ್ತಿದೆ ಅಂತ ಹುಡುಕುವಾಗ ಶೀರ್ಷಿಕೆ ಹಿಡಿದು ಹೋಗಬೇಡಿ. ಕನ್ನಡದ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ವಿಡಿಯೊ ಮಾಡಿದವರೇ ವಾರದ ಮೇಲೆ ಶೀರ್ಷಿಕೆ ಬದಲಿಸುತ್ತಾರೆ. ಬದಲಾಗದೇ ಇರುವುದು 11 ಅಕ್ಷರದ ವಿಡಿಯೊ ಐಡಿ. ಉದ್ದ ಲಿಂಕಿನಲ್ಲೂ ಗಿಡ್ಡ ಲಿಂಕಿನಲ್ಲೂ ಅದೇ ಇರುತ್ತದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಚಿಹ್ನೆ ಯಾಕೆ ಅಂದರೆ ಕೆಲವು ಐಡಿಗಳು ಮೈನಸ್ ಗೆರೆಯಿಂದ ಶುರುವಾಗುತ್ತವೆ, ಹುಡುಕುವ ಯಂತ್ರ ಅದನ್ನು "ಇದು ಬೇಡ" ಅಂತ ಓದಿಕೊಂಡು ಉಲ್ಟಾ ಫಲ ಕೊಡುತ್ತದೆ. ಐಡಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇದ್ದ ಹಾಗೇ ಇರಬೇಕು.

ರೆಡಿಟ್‌ನಲ್ಲಿ ಚರ್ಚೆ ಸಿಕ್ಕರೆ ಆ ಪುಟದ ವಿಳಾಸದ ಕೊನೆಗೆ .ಆರ್‌ಎಸ್‌ಎಸ್ ಸೇರಿಸಿ, ಆ ಚರ್ಚೆಯ ಕಾಮೆಂಟುಗಳ ಫೀಡ್ ಬರುತ್ತದೆ. ಹುಡುಕಾಟದ ಫಲಿತಾಂಶಕ್ಕೂ ಹೀಗೇ ಫೀಡ್ ಇದೆ: ವಿಳಾಸದಲ್ಲಿ 'ಸರ್ಚ್' ಅಂತ ಇರುವ ಕಡೆ 'ಸರ್ಚ್.ಆರ್‌ಎಸ್‌ಎಸ್' ಮಾಡಿ. ವಿಡಿಯೊ ಐಡಿ ಹಾಕಿ ಇಂಥದ್ದೊಂದು ಫೀಡ್ ಇಟ್ಟುಕೊಂಡರೆ ಇನ್ನು ಮುಂದೆ ಯಾರಾದರೂ ಆ ವಿಡಿಯೊ ಹಂಚಿದಾಗ ತಾನಾಗೇ ಗೊತ್ತಾಗುತ್ತದೆ. ರೆಡಿಟ್‌ಗೆ ಅವಸರ ಮಾಡಿದರೆ 429 ಅನ್ನುವ ದೋಷ ಬರುತ್ತದೆ, ಅಂದರೆ "ಸ್ವಲ್ಪ ನಿಧಾನಿಸಿ". ಗಂಟೆಗೊಮ್ಮೆ ನೋಡಿದರೆ ಸಾಕು.

ಟ್ವಿಟರ್ ಥರದ ಜಾಲತಾಣವಾದ ಮಾಸ್ಟೊಡಾನ್‌ನಲ್ಲಿ ಯಾವುದೇ ಹ್ಯಾಷ್‌ಟ್ಯಾಗ್ ಪುಟಕ್ಕೂ ಯಾವುದೇ ವ್ಯಕ್ತಿಯ ಪುಟಕ್ಕೂ ಕೊನೆಗೆ .ಆರ್‌ಎಸ್‌ಎಸ್ ಹಾಕಿದರೆ ಆಯಿತು. ಬ್ಲಾಗುಗಳಲ್ಲಿ ಯಾರಾದರೂ ಆ ವಿಷಯ ಎತ್ತಿದರೆ ತಿಳಿಯಲು ಗೂಗಲ್ ಅಲರ್ಟ್ಸ್ ಇದೆ. ಆಯ್ಕೆಗಳಲ್ಲಿ ಮೇಲ್ ಬದಲು ಆರ್‌ಎಸ್‌ಎಸ್ ಫೀಡ್‌ಗೆ ಕಳಿಸು ಅಂತ ಕೊಡಿ.

ಎಲ್ಲಕ್ಕಿಂತ ಅಚ್ಚುಕಟ್ಟು ಪೀರ್‌ಟ್ಯೂಬ್. ಫ್ರಾನ್ಸಿನ ಫ್ರಾಮಾಸಾಫ್ಟ್ ಸಂಸ್ಥೆಯವರು ಮಾಡಿದ, ವಿಡಿಯೊ ಸೈಟ್ ನಡೆಸುವ ತಂತ್ರಾಂಶ, ಮೊದಲ ಪೂರ್ಣ ಆವೃತ್ತಿ 2018ರಲ್ಲಿ ಬಂತು. ಇಲ್ಲಿ ಪ್ರತಿ ವಿಡಿಯೊದ ಕಾಮೆಂಟಿಗೂ ಫೀಡ್ ಇದ್ದೇ ಇರುತ್ತದೆ, ಯಾವ ಸ್ಕ್ರಿಪ್ಟೂ ಬೇಡ. ಇನ್ನೂ ಚೆಂದದ ಸಂಗತಿ ಅಂದರೆ ಮಾಸ್ಟೊಡಾನ್‌ನಲ್ಲಿ ಕೂತು ಯಾರಾದರೂ ಆ ವಿಡಿಯೊಗೆ ಉತ್ತರ ಬರೆದರೆ ಅದೂ ಪೀರ್‌ಟ್ಯೂಬ್ ಪುಟದ ಕೆಳಗೆ ಕಾಮೆಂಟಾಗಿ ಬಂದು ಸೇರುತ್ತದೆ. ಎರಡು ಜಾಗದ ಮಾತು ಒಂದೇ ಫೀಡ್‌ನಲ್ಲಿ. ನಮ್ಮವರು ಅಲ್ಲಿ ಕಡಿಮೆ ಅನ್ನುವುದೊಂದೇ ಕೊರತೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಕಾಮೆಂಟಿಗೆ ಫೀಡ್ ಇಲ್ಲ. ಮಾಡಿಕೊಡುತ್ತೇವೆ ಅನ್ನುವ ದುಡ್ಡಿನ ಸೇವೆಗಳಿವೆ. ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ, ನಾನಾದರೆ ಅದಕ್ಕೆ ದುಡ್ಡು ಸುರಿಯುವುದಿಲ್ಲ. ವಾಟ್ಸಾಪ್ ಗುಂಪಿನ ಮಾತು ಅಲ್ಲೇ ಇರಲಿ.

'ಸೂಪರ್ ಸರ್' ಜರಡಿ

ಫೀಡ್‌ಗಳೆಲ್ಲ ಕೂತ ಮೇಲೆ ಬರುವುದರಲ್ಲಿ ಮುಕ್ಕಾಲು ಪಾಲು 'ಸೂಪರ್ ಸರ್', 'ಒಳ್ಳೆ ಮಾಹಿತಿ', ಕೈಮುಗಿದ ಇಮೋಜಿ. ಬರೆದವರ ಪ್ರೀತಿ ದೊಡ್ಡದು, ಆದರೆ ನಾವು ಹುಡುಕುತ್ತಿರುವುದು ಅದಲ್ಲ. ಇಂಥವನ್ನು ಒಂದೊಂದೇ ತೆಗೆದು ಹಾಕುವ ಫಿಲ್ಟರ್ ಬರೆಯಲು ಕೂತರೆ ಮುಗಿಯುವುದಿಲ್ಲ. ಉಲ್ಟಾ ಮಾಡಿ. ಬೇಕಾದದ್ದನ್ನು ಎತ್ತಿ ಬೇರೆ ಫೋಲ್ಡರಿಗೆ ಹಾಕುವ ಫಿಲ್ಟರ್ ಬರೆಯಿರಿ, ಉಳಿದದ್ದು ಓದದಿದ್ದರೂ ನಡೆಯುತ್ತದೆ.

ಪ್ರಶ್ನೆಗಳನ್ನು ಹಿಡಿಯಲು ಪ್ರಶ್ನಾರ್ಥಕ ಚಿಹ್ನೆ ಸಾಲದು, ನಮ್ಮ ಜನ ಅದನ್ನು ಹಾಕುವುದೇ ಅಪರೂಪ. 'ಎಷ್ಟು', 'ಎಲ್ಲಿ', 'ಹೇಗೆ', 'ಯಾವ', 'ತಿಳಿಸಿ', 'ನಂಬರ್ ಕೊಡಿ' ಇವನ್ನು ಸೇರಿಸಿ. ಮೂರು ರೂಪದಲ್ಲೂ ಸೇರಿಸಬೇಕು: ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮತ್ತು ಸೀದಾ ಇಂಗ್ಲಿಷ್. ಔಷಧಿ ಅನ್ನುವ ಒಂದು ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಎ ಯಿಂದ ಶುರು ಮಾಡುವವರಿದ್ದಾರೆ, ಒ ಯಿಂದ ಶುರು ಮಾಡುವವರಿದ್ದಾರೆ, ಕೊನೆಗೆ ಎಚ್ ಹಾಕುವವರು, ಬಿಡುವವರು, 'ಮೆಡಿಸಿನ್' ಅನ್ನುವವರು ಬೇರೆ. ಮೊದಲ ವಾರ ಫಿಲ್ಟರ್ ಹಾಕದೆ ಎಲ್ಲವನ್ನೂ ಓದಿ, ಆ ಚಾನೆಲ್ಲಿನ ಜನ ಹೇಗೆ ಬರೆಯುತ್ತಾರೆ ಅಂತ ಗೊತ್ತಾಗುತ್ತದೆ, ಆಮೇಲೆ ಪದಗಳ ಪಟ್ಟಿ ಮಾಡಿಕೊಳ್ಳಿ. ಇನೊರೀಡರ್, ಫ್ರೆಶ್‌ಆರ್‌ಎಸ್‌ಎಸ್, ಥಂಡರ್‌ಬರ್ಡ್ ಮೂರರಲ್ಲೂ ಇಂಥ ಫಿಲ್ಟರ್ ಬರೆಯಬಹುದು. ಉಚಿತ ಖಾತೆಯಲ್ಲಿ ಎಷ್ಟು ಸಿಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಸೂಕ್ಷ್ಮ. ನಮ್ಮ ಕಡೆಯ ಕಾಮೆಂಟುಗಳಲ್ಲಿ ಜನ ಫೋನ್ ನಂಬರ್, ಊರು, ಸರ್ವೆ ನಂಬರ್ ತನಕ ಧಾರಾಳವಾಗಿ ಬರೆದಿರುತ್ತಾರೆ. ಅವರು ಆಮೇಲೆ ಅಳಿಸಿದರೂ ನಿಮ್ಮ ರೀಡರಿನಲ್ಲಿ ಅದು ಉಳಿದಿರುತ್ತದೆ. ಕೆಲವು ರೀಡರುಗಳು ನಿಮ್ಮ ಫೋಲ್ಡರನ್ನೇ ಸಾರ್ವಜನಿಕ ಪುಟ ಮಾಡುವ ಸೌಲಭ್ಯ ಕೊಡುತ್ತವೆ. ಕಾಮೆಂಟ್ ಫೋಲ್ಡರಿಗೆ ಅದನ್ನು ಆನ್ ಮಾಡಬೇಡಿ.

ಕೂಡಿಸಿದಷ್ಟೇ ಮುಖ್ಯ, ಕಳೆಯುವುದು

ಕಾಮೆಂಟ್ ಫೀಡ್‌ಗೆ ಆಯುಷ್ಯ ಕಡಿಮೆ. ಬ್ಲಾಗ್ ಫೀಡ್ ವರ್ಷಗಟ್ಟಲೆ ಇಟ್ಟುಕೊಳ್ಳಬಹುದು, ಒಂದು ವಿಡಿಯೊದ ಮಾತು ಎರಡು ಮೂರು ವಾರದಲ್ಲಿ ತಣ್ಣಗಾಗುತ್ತದೆ. ಅದಕ್ಕೆ ಎರಡು ಫೋಲ್ಡರ್ ಮಾಡಿ: 'ಕಾಯಂ' ಒಂದು, 'ತಾತ್ಕಾಲಿಕ' ಒಂದು. ಸೇರಿಸುವಾಗಲೇ ಫೀಡ್ ಹೆಸರಿನ ಮುಂದೆ ತಿಂಗಳು ಬರೆದಿಡಿ. ತಿಂಗಳ ಕೊನೆಗೆ ಹಳೇದನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಿರಿ. ಎಲೆಚುಕ್ಕಿ ರೋಗದಂಥ ವಿಷಯ ಮಾತ್ರ ಬೇರೆ, ಅದು ಮಳೆಗಾಲ ಬಂದಾಗೆಲ್ಲ ಮತ್ತೆ ಜೀವ ತಳೆಯುತ್ತದೆ. ಅಂಥದ್ದನ್ನು ಕಾಯಂಗೆ ಹಾಕಿ ದಿನಕ್ಕೊಮ್ಮೆ ನೋಡುವ ಹಾಗಿಡಿ.

ಫೀಡ್ ಪಟ್ಟಿಯನ್ನು ಆಗಾಗ ಒಪಿಎಂಎಲ್ ಫೈಲಾಗಿ ಇಳಿಸಿಕೊಳ್ಳಿ, ಎಲ್ಲ ರೀಡರಿನಲ್ಲೂ ಎಕ್ಸ್‌ಪೋರ್ಟ್ ಇರುತ್ತದೆ. ನಾಳೆ ಬೇರೆ ರೀಡರಿಗೆ ಹೋದರೆ ಅದೇ ಫೈಲು ಹಾಕಿದರೆ ಸಾಕು. ಆದರೆ ಅದರಲ್ಲಿ ವಿಳಾಸಗಳು ಮಾತ್ರ ಇರುತ್ತವೆ, ಬಂದಿರುವ ಕಾಮೆಂಟುಗಳು ಇರುವುದಿಲ್ಲ. ಬೇಕಾದ ಕಾಮೆಂಟನ್ನು ನಕ್ಷತ್ರ ಹಾಕಿ ಬಿಡುವುದರ ಬದಲು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

ನೀವೇ ವಿಡಿಯೊ ಮಾಡುವವರಾದರೆ

ಮೇಲಿನದರಲ್ಲಿ ಅರ್ಧ ಕಷ್ಟ ನಿಮಗಿಲ್ಲ. ಯೂಟ್ಯೂಬ್ ಎಪಿಐನಲ್ಲಿ ವಿಡಿಯೊ ಐಡಿ ಬದಲು ಚಾನೆಲ್ ಐಡಿ ಕೊಟ್ಟು, ಆ ಚಾನೆಲ್ಲಿಗೆ ಸಂಬಂಧಿಸಿದ ಎಲ್ಲ ಥ್ರೆಡ್ಡುಗಳನ್ನು ಒಂದೇ ಸಲ ಕೇಳಬಹುದು. ಇನ್ನೂರು ವಿಡಿಯೊ ಇದ್ದರೂ ಒಂದೇ ಫೀಡ್. ನಾಲ್ಕು ವರ್ಷದ ಹಿಂದಿನ ವಿಡಿಯೊ ಕೆಳಗೆ ಇವತ್ತು ಯಾರೋ ಹೊಸದಾಗಿ ಕೇಳಿದ ಪ್ರಶ್ನೆಯೂ ಅದರಲ್ಲಿ ಬರುತ್ತದೆ.

ನಿಮ್ಮ ಬ್ಲಾಗ್ ವರ್ಡ್‌ಪ್ರೆಸ್ ಆಗಿದ್ದರೆ ಸೆಟ್ಟಿಂಗ್ಸ್‌ನ 'ರೀಡಿಂಗ್' ಪುಟದಲ್ಲಿ ಫೀಡ್‌ನಲ್ಲಿ ಎಷ್ಟು ಐಟಂ ಅನ್ನುವ ಕಡೆ 10 ಇರುವುದನ್ನು 50 ಮಾಡಿ, ನಿಮ್ಮ ಓದುಗರಿಗೆ ದೊಡ್ಡ ಉಪಕಾರ. ಬ್ಲಾಗರ್ ಆಗಿದ್ದರೆ 'ಸೈಟ್ ಫೀಡ್' ಅನ್ನುವಲ್ಲಿ ಕಸ್ಟಮ್ ಆರಿಸಿದರೆ ಪೋಸ್ಟ್ ಫೀಡ್, ಕಾಮೆಂಟ್ ಫೀಡ್, ಒಂದೊಂದು ಪೋಸ್ಟಿನ ಕಾಮೆಂಟ್ ಫೀಡ್ ಅಂತ ಮೂರು ಬೇರೆ ಬೇರೆ ಆಯ್ಕೆ ಕಾಣುತ್ತವೆ. ಮೂರನ್ನೂ 'ಫುಲ್' ಇಡಿ. ಪೋಸ್ಟಿನ ಕೆಳಗೆ, ಕಾಮೆಂಟ್ ಪೆಟ್ಟಿಗೆಯ ಪಕ್ಕದಲ್ಲೇ, "ಈ ಚರ್ಚೆಯ ಫೀಡ್ ಇಲ್ಲಿದೆ" ಅಂತ ಒಂದು ಲಿಂಕು ಹಾಕಿ. ಯೂಟ್ಯೂಬಿನಲ್ಲೂ ಬ್ಲಾಗಿನಲ್ಲೂ ಒಂದೇ ವಿಡಿಯೊ ಹಾಕುವ ಅಭ್ಯಾಸ ಇದ್ದರೆ ವಿವರದಲ್ಲಿ ಒಂದಕ್ಕೊಂದು ಲಿಂಕು ಕೊಡಿ, ಅಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳುವುದು ತಪ್ಪುತ್ತದೆ.